ಮೂರನೇ ತಿದ್ದುಪಡಿ

ಪೊಲ್ತಾವಾ ಕಡೆಯ ಪುರಸಭೆ. ಕರೆಂಟಿಲ್ಲ.
ಲೆಕ್ಕ ಬರೆಯುವ ಒರಿಸ್ಯಾ ಕೋಟು ಬಿಚ್ಚದೆ
ಮೊಬೈಲ್ ಬೆಳಕಲ್ಲಿ ಓದುತ್ತಾಳೆ:
ಶಿಶುವಿಹಾರದ ಸೂರು, ಮುಂದಿನ ವರ್ಷ.
ಮಾರ್ಕೆಟ್ಟು ರಸ್ತೆಯ ಗುಂಡಿ, ಮುಂದಿನ ವರ್ಷ.
ಆ ಹಣಕ್ಕೆ ನಾನೂರ ಹನ್ನೆರಡು ಡ್ರೋನು.
ಬ್ಯಾಟರಿ ಬೇರೆ.

"ಒಂದರ ಆಯುಸ್ಸೆಷ್ಟು?"
ಹಿಂದಿನ ಸಾಲಿನಿಂದ ಬೇಕರಿಯ ಯುಖೀಮ್.
"ಒಂದು ಹಾರಾಟ."
ಸವಕಳಿಯ ಕಾಲಮ್ಮಿನಲ್ಲಿ ಏನು ಬರೆಯಲಿ?
ಹದಿನೆಂಟು ವರ್ಷದಲ್ಲಿ ಇಂಥ ಆಸ್ತಿ ಕಂಡಿಲ್ಲ ಅವಳು:
ಬಂದದ್ದೂ ಹೋದದ್ದೂ ಒಂದೇ ವಾರ,
ತಲುಪಿದ್ದಕ್ಕೆ ರಸೀದಿ ಕೊಡುವವರಿಲ್ಲ.

ಬೇಡವೆಂದವರು ಇಬ್ಬರು.
ಸ್ವಲ್ಪ ಹೊತ್ತಿಗೆ ಒಬ್ಬರು.
ನಡಾವಳಿಯಲ್ಲಿ: ಸರ್ವಾನುಮತ.

ಹೊರಗೆ ಅದೇ ಗುಂಡಿ. ಕತ್ತಲಲ್ಲೂ
ಕಾಲಿಗೆ ಗೊತ್ತು, ದಾಟಿದಳು.
ಮೇಲೆಲ್ಲೋ ಗುಂಯ್ ಎಂದಿತು.
ನಮ್ಮದೋ ಅವರದೋ,
ಯಾವ ಊರಿನ ಸೂರೋ.