ನಾಲ್ಕನೇ ಜ್ವರ

ನರೀತಾದಲ್ಲಿ ಇಳಿದಾಗ ಗಾಜಿನ ಮೇಲೆ ಬೆರಳಿಡು ಎಂದಿತು ಯಂತ್ರ.
ಇಟ್ಟೆ. ಒಲ್ಲೆ ಎಂದಿತು.
ಒರೆಸಿ ಇಟ್ಟೆ, ಊದಿ ಇಟ್ಟೆ, ಎಡಗೈಯದನ್ನೂ ಇಟ್ಟೆ.
ಬಿಳಿ ಕೈಗವಸಿನ ಹುಡುಗ ಬಗ್ಗಿ ಬಗ್ಗಿ ಕ್ಷಮೆ ಕೇಳಿದ,
ತಪ್ಪು ತನ್ನದೇ ಎಂಬಂತೆ.
ಏನು ಹೇಳಲಿ, ಯಾವ ಭಾಷೆಯಲ್ಲಿ?
ನರಸೀಪುರದ ಫಿಲೇಚರಿನ ಬಿಸಿನೀರಲ್ಲಿ
ಇಪ್ಪತ್ತಾರು ವರ್ಷ ಗೂಡಿನ ಎಳೆ ಹುಡುಕಿದ ಬೆರಳಪ್ಪ ಇದು,
ಗೆರೆಯೆಲ್ಲ ಸೀರೆಗೆ ಹೋಯಿತು.

ಇಲಾಖೆ ಕಳಿಸಿದ ಹನ್ನೊಂದು ಜನರಲ್ಲಿ ಹೆಂಗಸು ನಾನೊಬ್ಬಳೇ.
ಬಸ್ಸಿನ ಕಿಟಕಿಯಿಂದ ಎಲ್ಲರೂ ಫೂಜಿ ಬೆಟ್ಟ ಕಂಡರಂತೆ.
ನಾನು ಮೋಡವೆಂದುಕೊಂಡು
ಉಪ್ಪಿನಕಾಯಿ ಸೀಸೆಯ ಮುಚ್ಚಳ ತಿರುವುತ್ತಿದ್ದೆ.

ಓಕಾಯಾ ಎಂಬ ಊರು, ಸುವಾ ಎಂಬ ಕೆರೆ.
ಕೆರೆ ಕಲ್ಲಾಗಿತ್ತು ಚಳಿಗೆ.
ನಡುರಾತ್ರಿ ಅದು ಬಿರಿದ ಸದ್ದಿಗೆ ಎದ್ದು ಕೂತೆ.
ದೇವರು ದಾಟಿ ಹೋದನಂತೆ ಆಚೆ ದಡದ ದೇವಿಯ ಗುಡಿಗೆ,
ಹೆಜ್ಜೆ ಇಟ್ಟಲ್ಲಿ ಮಂಜು ಏಳುತ್ತದಂತೆ ಗೋಡೆಯಾಗಿ.
ನಂಬಿದೆ. ಕಪಿಲೆ ಕಾವೇರಿಯನ್ನು ಸೇರುವುದನ್ನು
ದಿನಾ ನೋಡಿದವಳಿಗೆ ಇದೇನು ದೊಡ್ಡದು.

ಮಾರನೆಯ ದಿನ ಹಳೆಯ ಗಿರಣಿಯ ಬಾಗಿಲು ತೆರೆಯಿತು.
ಮೂಗಿಗೆ ಬಡಿದದ್ದು ನಮ್ಮದೇ ನಾತ!
ಬೆಂದ ಗೂಡು, ಬೆಂದ ಹುಳ,
ತಲೆಗೂದಲಿಗೆ ಹತ್ತಿದರೆ ಮೂರು ಸೀಗೆಗೂ ಬಿಡದ್ದು.
ಪರದೇಶ ಅಲ್ಲಿಗೆ ಮುಗಿಯಿತು.

ಅಲ್ಲಿದ್ದವಳು ಮಿತ್ಸುಎ ಹನಾಓಕಾ. ಎಪ್ಪತ್ತು ದಾಟಿದವಳು.
ನಾವು ಜ್ವರ ಎನ್ನುತ್ತೇವೆ, ಒಂದನೇ ಜ್ವರ, ಎರಡನೇ ಜ್ವರ,
ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಕೂತಾಗ.
ಅವರು ನಿದ್ದೆ ಎನ್ನುತ್ತಾರೆ.
ನಾವು ಸೇರಿನಲ್ಲಿ, ಕೇಜಿಯಲ್ಲಿ ತೂಗುವುದನ್ನು
ಅವರು ತಲೆಯಲ್ಲಿ ಎಣಿಸುತ್ತಾರೆ, ದನ ಎಣಿಸಿದ ಹಾಗೆ.
ಹೆಸರಿನ ಹಿಂದೆ ಮುಂದೆ ಗೌರವ ಹಚ್ಚಿ ಕರೆಯುತ್ತಾರೆ.
ದುಭಾಷಿ ಹೇಳಿದಾಗ ನಮ್ಮ ಸಾಹೇಬರು ನಕ್ಕರು:
'ಹುಳುರಾಯರು' ಎಂದರು.

ಮಧ್ಯಾಹ್ನ ಬಟ್ಟಲಲ್ಲಿ ಅದನ್ನೇ ಬಡಿಸಿದರು,
ಸಕ್ಕರೆಯಲ್ಲಿ, ಕರಿಯ ಸಾಸಿನಲ್ಲಿ ಬತ್ತಿಸಿದ್ದು.
ಲಕ್ಷ ಲಕ್ಷ ಬೇಯಿಸಿದ ಕೈ
ಒಂದನ್ನು ತಿನ್ನಲು ಹೇಸಿತು.
ಮಿತ್ಸುಎ ನಗಲಿಲ್ಲ. ಬಟ್ಟಲು ತನ್ನತ್ತ ಎಳೆದುಕೊಂಡಳು.
ಹದಿಮೂರಕ್ಕೆ ತನ್ನ ಅಜ್ಜಿ ಹಿಮದ ಕಣಿವೆ ದಾಟಿ ಬಂದಳಂತೆ,
ಸೊಂಟಕ್ಕೆ ಸೊಂಟ ಬಟ್ಟೆಯಲ್ಲಿ ಕಟ್ಟಿಕೊಂಡ
ಹುಡುಗಿಯರ ಸಾಲಿನಲ್ಲಿ.
ಆ ರೇಷ್ಮೆಯಿಂದ ದೇಶ ಹಡಗು ಕೊಂಡಿತು, ತೋಪು ಕೊಂಡಿತು.
ಅಜ್ಜಿ ಕೆಮ್ಮು ತಂದಳು ಮನೆಗೆ.

ಗಿರಣಿಯ ಹಿಂದೆ ಒಂದು ಕಲ್ಲು, ನನ್ನೆತ್ತರದ್ದು:
ಸತ್ತ ಹುಳುಗಳ ಆತ್ಮಕ್ಕೆ.
ಕಿತ್ತಲೆ ಹಣ್ಣು ಇಟ್ಟಿದ್ದರು, ಊದಿನಕಡ್ಡಿ ಇತ್ತು.
ಹುಡುಗಿಯರಿಗೆ ಎಲ್ಲಿ ಕಲ್ಲು, ಎಂದೆ.
ದುಭಾಷಿಗೆ ಕೇಳಿಸಲಿಲ್ಲ,
ಅಥವಾ ಕೇಳಿಸಿಯೂ ದಾಟಿಸಲಿಲ್ಲ.
ಮಿತ್ಸುಎ ಮಾತ್ರ ನನ್ನ ಕೈ ತಿರುಗಿಸಿ
ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿದಳು,
ಅಕ್ಕಿ ಆರಿಸಿದಂತೆ. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಈಗ ನ್ಯಾಯಬೆಲೆ ಅಂಗಡಿಯಲ್ಲೂ ಅದೇ ಗಾಜು, ಅದೇ ಕೆಂಪು ದೀಪ.
'ನಿನ್ ಬೆಳ್ಳು ತಗೊಳಲ್ಲ ಕಣಕ್ಕ, ಸೊಸೇನ ಕಳ್ಸು'
ಎನ್ನುತ್ತಾನೆ ಗುರುಮಲ್ಲ.
ಬಗ್ಗುವುದಿಲ್ಲ ಅವನು. ಬಗ್ಗಲೆಂದು ನಾನೂ ಕಾಯುವುದಿಲ್ಲ.

ಸೊಸೆ ಬರಲಾರಳು, ಮನೆ ತುಂಬ ಹುಳ.
ಚಂದ್ರಂಕಿಗಳನ್ನು ಬಿಸಿಲಿಗೆ ಒರಗಿಸಿದ್ದೇವೆ.
ಇನ್ನೆಂಟು ದಿನಕ್ಕೆ ಹಣ್ಣಾಗುತ್ತವೆ; ನಾನಾಗಲೇ ಆಗಿದ್ದೇನೆ.
ಖಾಲಿ ಚೀಲ ಮಡಚಿಕೊಂಡು ಒಳಗೆ ಬಂದರೆ
ಬಾಗಿಲಿಂದಲೇ ಕೂಗಿದಳು:
'ಅತ್ತೆ, ನಾಕ್ನೇ ಜ್ವರಕ್ ಕೂತವೆ, ಸೊಪ್ಪು ತರ್ಬೇಡಿ!'
'ಮೆತ್ತಗ್ ಮಾತಾಡವ್ವ,' ಎಂದೆ, 'ಮಲಗವ್ರೆ.'

ಯಾರು, ಎಂದು
ಮನೆಯೊಳಗೆಲ್ಲ ತಿರುಗಿ ನೋಡಿದಳು.