ಪಾಲಿಕೆಯ ಬೂದು

ಬ್ರಿಸ್ಟಲ್ಲಿನಲ್ಲಿ ಗೋಡೆಗೆ ಬಣ್ಣ ಬಳಿಯುವವನು ನಾನು,
ಚಿತ್ರ ಬರೆಯಲಲ್ಲ, ಅಳಿಸಲು.
ಹತ್ತೊಂಬತ್ತು ವರ್ಷದ ಹೊಟ್ಟೆಪಾಡು.
ಡಬ್ಬಿಯ ಮೇಲೆ ಬಣ್ಣಕ್ಕೊಂದು ನಂಬರಿದೆ,
ನಾವು ಕರೆಯುವುದು ಪಾಲಿಕೆಯ ಬೂದು.

ಬೆಡ್‌ಮಿನ್‌ಸ್ಟರಿನ ರೈಲು ಸೇತುವೆಯ ಕೆಳಗೆ
ಯಾರೋ ಒಬ್ಬಳು ಕೊಕ್ಕರೆ ಬರೆಯುತ್ತಿದ್ದಳು.
ಒಬ್ಬಳು ಅಂತ ಹೇಗೆ ಗೊತ್ತು? ಗೊತ್ತಿರಲಿಲ್ಲ.
ಕೊಕ್ಕಿನ ಎತ್ತರ ನೋಡಿ ಅಂದಾಜು ಕಟ್ಟಿದ್ದೆ:
ನನ್ನ ಭುಜದ ಮಟ್ಟಕ್ಕೇ ನಿಲ್ಲುವ ಕೈ, ಏಣಿಯಿಲ್ಲದ ಕೈ.
ಮೊದಲನೆಯದು ಹಳದಿ ಕಣ್ಣಿನದು, ಅಳಿಸಿದೆ.
ಎರಡನೆಯದರ ಬಾಯಲ್ಲಿ ಬಸ್ಸಿನ ಟಿಕೆಟು, ಅಳಿಸಿದೆ.
ಮೂರನೆಯದು ನನ್ನ ಕಡೆಗೇ ನೋಡುತ್ತಿತ್ತು.
ಊಟ ಮುಗಿಸಿ ಬಂದು ಅಳಿಸಿದೆ.
ಗೋಡೆಗೆ ಕಿವಿ ಇರುತ್ತದಂತೆ; ಇದಕ್ಕೆ ಹಟವೂ ಇತ್ತು.

ಆಮೇಲೊಂದು ಶನಿವಾರ ಚರ್ಚಿನ ಹಾಲಿನಲ್ಲಿ
ಒಗೆದ ಬಟ್ಟೆಯ ಹಾಗೆ ತಂತಿಗೆ ತೂಗಿದ್ದವು
ಮೂವತ್ತೊಂದು ಸ್ಕೇಟ್‌ಬೋರ್ಡು, ಗಾಲಿಯಿಲ್ಲದವು.
ಬೀದಿಗೋಡೆಯವರು ಹಲಗೆಯ ಹೊಟ್ಟೆಗೆ ಬರೆದು ಕೊಟ್ಟದ್ದು.
ಹರಾಜಿನ ದುಡ್ಡು ರಾತ್ರಿ ತಂಗುದಾಣಕ್ಕೆ,
ಚಳಿಯಲ್ಲಿ ಫುಟ್‌ಪಾತಿಗೆ ಬೆನ್ನು ಕೊಟ್ಟವರ ಹಾಸಿಗೆಗೆ.
ನಾನು ಹೋದದ್ದು ಪುಕ್ಕಟೆ ಟೀಗೆ. ನಿಜ ಹೇಳುತ್ತೇನೆ.

ಹದಿನೇಳನೆಯದು ನನ್ನ ಬೂದು.
ಅದೇ ನಂಬರು, ಅದೇ ರೋಲರಿನ ಗೆರೆ,
ಎಡ ಅಂಚಿನಲ್ಲಿ ನಾನು ಸದಾ ಬಿಡುವ ಹಲ್ಲುಹಲ್ಲು ಕೂಡ.
ಆ ಬೂದಿನೊಳಗಿಂದ, ಮಂಜು ಸರಿಸಿ ಬಂದಂತೆ,
ಒಂದು ಕಾಲು, ಒಂದು ಕೊಕ್ಕು. ಉಳಿದದ್ದು ಇಲ್ಲ.
ಚೀಟಿಯಲ್ಲಿ: "ಇಬ್ಬರ ಕೆಲಸ."
ಹೆಸರು ಒಂದೂ ಇರಲಿಲ್ಲ.

ಕೈ ಎತ್ತಿದೆ. ನಲವತ್ತು. ಅರವತ್ತೈದು.
ತೊಂಬತ್ತಕ್ಕೆ ಕೈ ತಾನೇ ಇಳಿಯಿತು, ಬಾಡಿಗೆ ನೆನೆದು.
ಇನ್ನೂರ ಹತ್ತಕ್ಕೆ ಹಲ್ಲಿನ ಡಾಕ್ಟರು ಒಯ್ದ.
"ಕ್ಲಿನಿಕ್ಕಿನ ಗೋಡೆಗೆ ಹಾಕುತ್ತೇನೆ" ಅಂದ.
ಗೋಡೆಯಿಂದ ಇಳಿದದ್ದು ಗೋಡೆಗೇ,
ಯಾವ ಹುಡುಗಿಯ ಕಾಲಡಿಯೂ ಸವೆಯದೆ.

ಬಾಗಿಲಲ್ಲಿ ತಗಡಿನ ಡಬ್ಬಿ ಹಿಡಿದು ನಿಂತಿದ್ದಳು ಗ್ವೆಂಡಾ.
"ಹದಿನೆಂಟು ಪೌಂಡಿಗೆ ಒಂದು ರಾತ್ರಿ, ಒಂದು ಬಟ್ಟಲು ಸೂಪು."
ಜೇಬಿನಲ್ಲಿ ಇಪ್ಪತ್ತರ ನೋಟು.
ಚಿಲ್ಲರೆ ಕೇಳಲು ನಾಚಿಕೆಯಾಯಿತು.

ಸೋಮವಾರದ ಕೆಲಸದ ಹಾಳೆ:
ಅದೇ ಸೇತುವೆ, ನಾಲ್ಕನೆಯ ಕೊಕ್ಕರೆ.
ಡಬ್ಬಿ ತೆರೆದೆ. ಕಲಕಿದೆ.
ಅಳಿಸಬೇಕಾದ್ದನ್ನು ಅಳಿಸಿದೆ, ಸಂಬಳ ತಿನ್ನುತ್ತೇನಲ್ಲ.
ಆದರೆ ಯಾವತ್ತಿನ ಚೌಕ ಬಿಟ್ಟು
ಉದ್ದಕ್ಕೆ ಎಳೆದೆ, ಎರಡೂ ತುದಿ ದುಂಡಗೆ ತಿರುಗಿಸಿದೆ,
ಎಡ ಅಂಚಿಗೆ ಹಲ್ಲು ಬಿಟ್ಟೆ, ಬೇಕೆಂದೇ.

ಮೇಲಿನವರು ಫೋಟೋ ನೋಡಿ
ಸರಿ ಎಂದು ಗುರುತು ಹಾಕಿದರು.