ಕತ್ತರಿ ಕೆಲಸ

ಸೆತೂಬಲ್, ಅರವತ್ತೆಂಟರ ನವೆಂಬರ್.
ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹಿಂಬಾಗಿಲು,
ಕಡ ತಂದ ಕ್ಯಾಮೆರಾ, ವಾಯಿದೆ ಮೀರಿದ ರೀಲು.
ನಿರ್ದೇಶಕ ಅದೆರಿತುಗೆ ಇಪ್ಪತ್ಮೂರು, ನನಗೆ ಹತ್ತೊಂಬತ್ತು.
ನನ್ನ ಕೆಲಸ ಕತ್ತರಿಸುವುದು, ಅಂಟಿಸುವುದು,
ಬಾಯಿ ಮುಚ್ಚಿಕೊಂಡಿರುವುದು.

ಕಥೆ ಇಷ್ಟೇ: ಮಗ ನಾಳೆ ಹಡಗು ಹತ್ತಬೇಕು, ಗಿನಿಯ ಯುದ್ಧಕ್ಕೆ.
ತಾಯಿ ನಡುರಾತ್ರಿ ಎದ್ದು
ಗೋಡೆ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾಳೆ.
ಬೆಳಿಗ್ಗೆ ಅವನು ನಿಧಾನ ಕಾಫಿ ಕುಡಿಯುತ್ತಾನೆ.
ಜೀಪು ಮಾತ್ರ ಸರಿಯಾದ ಹೊತ್ತಿಗೇ ಬರುತ್ತದೆ.

ತಾಯಿಯಾದವಳು ನಟಿಯಲ್ಲ, ದಿಯೊಲಿಂದ,
ಹದಿನೇಳು ವರ್ಷದಿಂದ ಸಾರ್ಡಿನ್ ತಲೆ ಚಿವುಟಿದವಳು.
“ಇಲ್ಲಿ ಸ್ವಲ್ಪ ಅಳಬೇಕು” ಅಂದ ಅದೆರಿತು.
“ಉಪ್ಪುನೀರಿನ ಕೈಯಪ್ಪಾ, ಕಣ್ಣೊರೆಸಿಕೊಂಡರೆ ಉರಿಯುತ್ತೆ.
ನಮ್ಮಲ್ಲಿ ಅಳೋದಿಲ್ಲ.”
ಸುಮ್ಮನೆ ಒಂದು ತಟ್ಟೆ ತೊಳೆದಳು.
ತೊಳೆದದ್ದನ್ನೇ ಮತ್ತೆ ತೊಳೆದಳು.
ರೀಲು ಮುಗಿಯುವ ತನಕ
ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ.

ಲಿಸ್ಬನ್ನಿನಲ್ಲಿ ನೀಲಿ ಪೆನ್ಸಿಲಿನವರು ಮೂವರು ನೋಡಿದರು.
ಒಬ್ಬರಿಗೆ ನೆಗಡಿ.
ಜೀಪು ಬೇಡ. ಸಮವಸ್ತ್ರ ಬೇಡ. ಗಿನಿ ಎಂಬ ಮಾತೇ ಬೇಡ.
ಗಡಿಯಾರ ಇರಲಿ, ಗಡಿಯಾರದಲ್ಲಿ ತಪ್ಪೇನಿಲ್ಲ.
“ಆ ತಟ್ಟೆ, ಯಾಕಷ್ಟು ಹೊತ್ತು?” ಕೇಳಿದರು ನೆಗಡಿಯವರು.
ಅದೆರಿತು ಬಳಿ ಉತ್ತರವಿರಲಿಲ್ಲ.
ಅದಕ್ಕೂ ಗೀಟು ಬಿತ್ತು.

ಕತ್ತರಿ ಹಿಡಿದದ್ದು ಅವರಲ್ಲ, ನಾನು.
ಇದನ್ನು ಯಾವ ಸಭೆಯಲ್ಲೂ ಹೇಳಿಲ್ಲ.
ಹದಿನೆಂಟು ನಿಮಿಷ ಹನ್ನೊಂದಾಯಿತು:
ಹುಡುಗ ಕಾಫಿ ಕುಡಿಯುತ್ತಾನೆ,
ಹೆಂಗಸು ನೋಡುತ್ತಾಳೆ, ಗಡಿಯಾರ ತಪ್ಪು.
ಸಿನಿಮಾ ಕ್ಲಬ್ಬಿನಲ್ಲಿ ಒಂದು ಭಾನುವಾರ ತೋರಿಸಿದರು.
ಹಾಸ್ಯಚಿತ್ರವೆಂದು ಜನ ನಕ್ಕರು.

ದಿಯೊಲಿಂದ ಬಂದಿದ್ದಳು, ಯಾರದೋ ಕೋಟು ತೊಟ್ಟು.
ನಗುವವರ ನಡುವೆ ನನ್ನತ್ತ ತಿರುಗಿ
“ನನ್ನ ತಟ್ಟೆ ಎಲ್ಲಿ?” ಅಂದಳು.
ಅವಳ ಸ್ವಂತ ಮಗನಿಗೆ ಆಗ ಹದಿನಾರು.
ನಾನು ಲೆಕ್ಕ ಹಾಕಿರಲಿಲ್ಲ.
ಅವಳು ಹಾಕಿದ್ದಳು.

ಅದೆರಿತು ಆ ಚಳಿಗಾಲವೇ ಬೆಟ್ಟ ಹತ್ತಿಳಿದು ಫ್ರಾನ್ಸ್ ಸೇರಿದ;
ಗಾರೆ ಕೆಲಸ, ಆಮೇಲೆ ಒಂದು ಕಾಗದ, ಆಮೇಲೆ ಅದೂ ಇಲ್ಲ.

ಕತ್ತರಿಸಿದ ತುಂಡನ್ನು ಸುಡಬೇಕೆಂದು ನಿಯಮ.
ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ, ಗುಂಡಿ ದಾರಗಳ ಅಡಿಗೆ.
ಈಗ ಮುಚ್ಚಳ ತೆರೆದರೆ ವಿನಿಗರ್ ವಾಸನೆ.
ಕಿಟಕಿಗೆ ಹಿಡಿಯುತ್ತೇನೆ, ಒಂದೊಂದೇ ಚೌಕ:
ಕೈ, ತಟ್ಟೆ, ನೀರು. ಕೈ, ತಟ್ಟೆ, ನೀರು.
ಎಲ್ಲೋ ಮಧ್ಯೆ, ಏಳೆಂಟು ಚೌಕಗಳಲ್ಲಿ
ಅವಳ ತುಟಿ ಅಲುಗಿದೆ. ಏನೋ ಅಂದಿದ್ದಾಳೆ.

ಧ್ವನಿ ಬೇರೆ ರೀಲಿನಲ್ಲಿತ್ತು.
ಅದನ್ನು ನಾನು ಎತ್ತಿಡಲಿಲ್ಲ.